ಡಬಲ್ ಕ್ಲಿಕ್ ಮಾಡಿದ್ರೆ ಎಕ್ಸೆಲ್ ಬರ್ತದೆ, ಲೆಕ್ಕ ಬರಲ್ಲ

ತೀರ್ಥಹಳ್ಳಿ_ಚೇಣಿಮನೆ:
ನಮ್ದು ಅಡಿಕೆ ಚೇಣಿ, ಅಂದ್ರೆ ಬೇರೆಯವರ ತೋಟದ ಫಸಲು ಗುತ್ತಿಗೆ ಹಿಡಿಯೋದು. ಯಾರ ತೋಟದಿಂದ ಎಷ್ಟು ಹಸಿ ಅಡಿಕೆ ಬಂತು, ಸುಲಿದವರಿಗೆ ಕೇಜಿ ಲೆಕ್ಕದಲ್ಲಿ ಎಷ್ಟು ಕೊಟ್ಟೆವು, ಬೇಯಿಸಿ ಒಣಗಿಸಿದ ಮೇಲೆ ರಾಶಿ ಎಷ್ಟು ಸಿಕ್ತು ಅಂತ ಎಲ್ಲ ನಾನು ಎಕ್ಸೆಲ್‌ನಲ್ಲೇ ಬರೆಯೋದು. ನಾಲ್ಕು ದಿನದಿಂದ ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿದ್ರೆ ಎಕ್ಸೆಲ್ ಏನೋ ತೆರೆದುಕೊಳ್ತದೆ, ಒಳಗೆ ಬರೀ ಬೂದು ಬಣ್ಣ. ಒಂದು ಚೌಕವೂ ಇಲ್ಲ, ಆಗುಂಬೆ ಘಾಟಿಯಲ್ಲಿ ಮಂಜು ಕವಿದ ಹಾಗೆ. ಅದೇ ಎಕ್ಸೆಲ್‌ನೊಳಗೆ ಫೈಲ್, ಓಪನ್ ಅಂತ ಹೋಗಿ ಹುಡುಕಿ ತೆಗೆದ್ರೆ ಸರಿಯಾಗೇ ಬರ್ತದೆ. ಪೇಟೆಯಲ್ಲಿ ಒಬ್ರನ್ನ ಕೇಳಿದ್ದಕ್ಕೆ ವಿಂಡೋಸ್ ಹೊಸದಾಗಿ ಹಾಕ್ಬೇಕು, ಕಂಪ್ಯೂಟರ್ ತಂದು ಬಿಟ್ಟು ಹೋಗಿ ಅಂದ್ರು. ಕೊನೆ ಕೊಯ್ಲಿನ ಹೊತ್ತಲ್ಲಿ ಅದನ್ನ ಬಿಟ್ಟು ಬಂದ್ರೆ ನಾನೆಂತ ಗೋಡೆ ಮೇಲೆ ಲೆಕ್ಕ ಬರೀಲಾ ಮಾರಾಯ್ರೆ?

ಹೊಸನಗರದವ:
ರೈಟ್ ಕ್ಲಿಕ್ ಮಾಡಿ ಓಪನ್ ವಿತ್‌ನಲ್ಲಿ ಎಕ್ಸೆಲ್ ಆರಿಸಿ, ಯಾವಾಗಲೂ ಇದರಲ್ಲೇ ಅಂತ ಕೊಡಿ ಅಕ್ಕ.

ತೀರ್ಥಹಳ್ಳಿ_ಚೇಣಿಮನೆ:
ಮಾಡಿದೆ. ಮೊದಲಿಂದಲೂ ಎಕ್ಸೆಲ್ಲೇ ಇತ್ತು. ಬೂದು ಹೋಗ್ಲಿಲ್ಲ.

ಸಾಗರದ_ಹಳೇಗುಮಾಸ್ತ:
ವಿಂಡೋಸ್ ತಂಟೆಗೇ ಹೋಗ್ಬೇಡಿ ತಂಗಿ. ಒಳಗಿಂದ ತೆಗೆದ್ರೆ ಬರ್ತದೆ ಅಂದ್ಮೇಲೆ ಫೈಲ್ ಕೆಟ್ಟಿಲ್ಲ. ಡಬಲ್ ಕ್ಲಿಕ್ ಮಾಡಿದಾಗ ವಿಂಡೋಸ್ ಮೊದಲು ಎಕ್ಸೆಲನ್ನ ಎಬ್ಬಿಸ್ತದೆ, ಆಮೇಲೆ "ಇಂಥ ಫೈಲ್ ತೆಗಿ" ಅಂತ ಬೇರೆಯಾಗಿ ಹೇಳಿ ಕಳಿಸ್ತದೆ. ಹಾಗೆ ಹೇಳಿ ಕಳಿಸೋ ದಾರಿಗೆ ಡಿಡಿಇ, ಅಂದ್ರೆ ಡೈನಾಮಿಕ್ ಡೇಟಾ ಎಕ್ಸ್‌ಚೇಂಜ್ ಅಂತ ಹೆಸರು, 1987ರ ವಿಂಡೋಸ್ 2ರ ಕಾಲದ್ದು. ಬೇರೆಯವರ ಮಾತಿಗೆ ಕಿವಿ ಕೊಡಬೇಡ ಅಂತ ಎಕ್ಸೆಲ್‌ಗೆ ಯಾರಾದ್ರೂ ಹೇಳಿಟ್ಟಿದ್ರೆ ಅದು ಎದ್ದು ಸುಮ್ಮನೆ ಕೂತ್ಕೊಳ್ತದೆ.

ಫೈಲ್, ಆಪ್ಷನ್ಸ್, ಅಡ್ವಾನ್ಸ್ಡ್. ಕೆಳಗೆ ಕೆಳಗೆ ಹೋದ್ರೆ ಜನರಲ್ ಅಂತ ಬರ್ತದೆ. ಅಲ್ಲಿ "ಇಗ್ನೋರ್ ಅದರ್ ಅಪ್ಲಿಕೇಶನ್ಸ್ ದಟ್ ಯೂಸ್ ಡೈನಾಮಿಕ್ ಡೇಟಾ ಎಕ್ಸ್‌ಚೇಂಜ್" ಅನ್ನೋದಕ್ಕೆ ಟಿಕ್ ಇದ್ರೆ ತೆಗೆದು ಓಕೆ ಕೊಡಿ. ಇಲ್ಲದಿದ್ರೆ ವ್ಯೂ ಮೆನುವಿನಲ್ಲಿ ಅನ್‌ಹೈಡ್ ಒತ್ತಿ ನೋಡಿ, ಕಿಟಕಿ ಅಡಗಿ ಕೂತಿದ್ರೂ ಹೀಗೇ ಆಗ್ತದೆ.

ತೀರ್ಥಹಳ್ಳಿ_ಚೇಣಿಮನೆ:
ಟಿಕ್ ಇತ್ತು! ತೆಗೆದೆ, ಲೆಕ್ಕ ಬಂತು. ಬದುಕಿದೆ.

ತೀರ್ಥಹಳ್ಳಿ_ಚೇಣಿಮನೆ:
ಸಾರ್, ಬೆಳಿಗ್ಗೆ ನೋಡಿದ್ರೆ ಟಿಕ್ ವಾಪಸ್ ಬಂದು ಕೂತಿದೆ. ನಾನು ಮುಟ್ಟಿಲ್ಲ. ಮನೇಲಿ ಬೇರೆ ಯಾರಿಗೂ ಇದರ ಗಂಧವೇ ಇಲ್ಲ.

ಸಾಗರದ_ಹಳೇಗುಮಾಸ್ತ:
ಮ್ಯಾಕ್ರೋ, ಅಂದ್ರೆ ಎಕ್ಸೆಲ್‌ಗೆ ತಾನಾಗೇ ಕೆಲಸ ಮಾಡಿಸೋ ಪುಟ್ಟ ಪ್ರೋಗ್ರಾಂ, ಇರೋ ಫೈಲ್ ಯಾವುದಾದ್ರೂ ಹೊಸದಾಗಿ ತಗೊಂಡ್ರಾ?

ತೀರ್ಥಹಳ್ಳಿ_ಚೇಣಿಮನೆ:
ಚಿಕ್ಕಮ್ಮನ ಮಗ ಕೂಲಿ ಬಟವಾಡೆ ಶೀಟು ಕಳಿಸಿದ್ದ. ಹೆಸರಿನ ಕೊನೆಗೆ ಎಕ್ಸ್‌ಎಲ್‌ಎಸ್‌ಎಂ ಅಂತಿದೆ. ನಿನ್ನೆ ರಾತ್ರಿ ಅದನ್ನೇ ತೆಗೆದು ಕೂತಿದ್ದೆ.

ಸಾಗರದ_ಹಳೇಗುಮಾಸ್ತ:
ಸಿಕ್ಕಿಬಿದ್ದ ಕಳ್ಳ. ಎಕ್ಸ್‌ಎಲ್‌ಎಸ್‌ಎಂ ಅಂದ್ರೆ ಮ್ಯಾಕ್ರೋ ಇಡೋ ಫೈಲೇ. ಆ ಶೀಟು ತೆಗೆದು ಆಲ್ಟ್ ಎಫ್11 ಒತ್ತಿ, ಮ್ಯಾಕ್ರೋ ಬರೆಯೋ ಕಿಟಕಿ ತೆರೀತದೆ, ಕಂಟ್ರೋಲ್ ಎಫ್‌ನಲ್ಲಿ "ಇಗ್ನೋರ್‌ರಿಮೋಟ್‌ರಿಕ್ವೆಸ್ಟ್ಸ್" ಅಂತ ನಡುವೆ ಜಾಗ ಬಿಡದೆ ಇಂಗ್ಲಿಷಿನಲ್ಲಿ ಹೊಡೆದು ಹುಡುಕಿ. ಹುಡುಕೋದು ಕರೆಂಟ್ ಪ್ರಾಜೆಕ್ಟ್‌ನಲ್ಲಿ. ಮ್ಯಾಕ್ರೋ ಬರೆಯೋರು ತಮ್ಮ ಶೀಟಿನ ಪಕ್ಕ ಇನ್ನೊಂದು ಫೈಲ್ ಬಂದು ತೆರೆಯಬಾರದು ಅಂತ ಇದನ್ನ ಟ್ರೂ ಮಾಡ್ತಾರೆ, ಅದೇ ಆ ಟಿಕ್ ಹಾಕೋದು, ಮುಚ್ಚುವಾಗ ಫಾಲ್ಸ್ ಮಾಡೋದು ಮರೀತಾರೆ. ಎಕ್ಸೆಲ್ ಅದನ್ನ ನೆನಪಿಟ್ಕೊಂಡುಬಿಡ್ತದೆ. ಆ ಸಾಲು ಕೆಲಸ ಮಾಡದ ಹಾಗೆ ಅದರ ಶುರುವಲ್ಲಿ ಒಂದು ಒಂಟಿ ಉದ್ಧರಣ ಚಿಹ್ನೆ (') ಹಾಕಿ, ಸೇವ್ ಮಾಡಿ, ಟಿಕ್ ಇನ್ನೊಂದ್ಸಲ ತೆಗೀರಿ.

ತೀರ್ಥಹಳ್ಳಿ_ಚೇಣಿಮನೆ:
ಟ್ರೂ ಅಂತ ಒಂದೇ ಸಾಲು, ಫಾಲ್ಸ್ ಎಲ್ಲೂ ಇಲ್ಲ. ಚಿಹ್ನೆ ಹಾಕಿದ ಕೂಡಲೇ ಸಾಲು ಹಸಿರಾಯ್ತು. ಎರಡು ದಿನ ಆಯ್ತು, ಟಿಕ್ ಮತ್ತೆ ಬಂದಿಲ್ಲ. ಚಿಕ್ಕಮ್ಮನ ಮಗನಿಗೆ ಫೋನ್ ಮಾಡಿ ಬೈದ್ರೆ, "ನಂಗೂ ಬೂದೇ ಬರೋದು ಅಕ್ಕ, ಎಕ್ಸೆಲ್ ಅಂದ್ರೆ ಹಾಗೇ ಅಂದ್ಕೊಂಡಿದ್ದೆ" ಅಂತಾನೆ.