ತರಗೆಲೆಗೆ ಬೆಂಕಿ ಹಾಕೋ ವಿಚಾರ: ಬಡಾವಣೆ ಗುಂಪು, ಮಡಿಕೇರಿ

ಪೂವಮ್ಮ: ಕೆಳಗಿನ ತಿರುವಿನ ಖಾಲಿ ಸೈಟಲ್ಲಿ ಮತ್ತೆ ಸಿಲ್ವರ್ ಓಕ್ ತರಗು ರಾಶಿ ಬಿದ್ದಿದೆ. ಯಾರಾದರೂ ಕಡ್ಡಿ ಗೀರೋ ಮೊದಲೇ ತೀರ್ಮಾನ ಆಗಲಿ.

ಗಣೇಶ: ಸಂಜೆ ಆರಕ್ಕೆ ಹಚ್ಚಿದ್ರೆ ಏಳಕ್ಕೆಲ್ಲ ಹೊಗೆ ಹೋಗಿರುತ್ತಲ್ಲಕ್ಕ? ಬೆಳಿಗ್ಗೆ ಕಾಣೋದು ಬರೀ ಮಂಜು.

ಉತ್ತಯ್ಯ: ಸಂಜೆ ಹಚ್ಚೋದೇ ಎಲ್ಲಕ್ಕಿಂತ ಕೆಟ್ಟದ್ದು ಗಣೇಶ. ಈ ಚಳಿಗಾಲದಲ್ಲಿ ಹೊತ್ತು ಮುಳುಗಿದ ಮೇಲೆ ತಣ್ಣನೆ ಗಾಳಿ ತಗ್ಗಿಗೆ ಇಳಿದು ಕೂರುತ್ತೆ, ಮೇಲಿನ ಬೆಚ್ಚನೆ ಪದರ ಮುಚ್ಚಳ ಹಾಕಿದ ಹಾಗೆ. ಹೊಗೆ ಮೇಲೇಳಲ್ಲ. ಕಾಣೋ ಹೊಗೆ ಜೊತೆ ಕಾಣದ ಆವಿಗಳೂ ಬರ್ತವೆ. ಹಸಿ ತರಗು ಉರಿಯದೆ ಕಮರುವಾಗ ಅವು ಜಾಸ್ತಿ, ಅದರಲ್ಲೂ ಎಲೆಗೆ ಗಡುಸು ಕೊಡೋ ಲಿಗ್ನಿನ್ ಒಡೆದು ಬರೋ ಫೀನಾಲ್‌ಗಳು. ರಾತ್ರಿ ವಾಹನದ ಹೊಗೆಯ ನೈಟ್ರೋಜನ್ ಡೈಆಕ್ಸೈಡ್ ಓಜೋನ್ ಜೊತೆ ಸೇರಿ, ಬೇರೆ ವಸ್ತು ಜೊತೆ ಥಟ್ಟನೆ ವರ್ತಿಸೋ ನೈಟ್ರೇಟ್ ರ‍್ಯಾಡಿಕಲ್ ಆಗುತ್ತೆ. ಹಗಲಲ್ಲಾದರೆ ಬಿಸಿಲಿಗೆ ಕ್ಷಣದಲ್ಲಿ ಒಡೆದುಹೋಗುತ್ತೆ, ರಾತ್ರಿ ಉಳಿಯುತ್ತೆ. ಅದು ಫೀನಾಲ್ ಜೊತೆ ವರ್ತಿಸಿದಾಗ ಹುಟ್ಟೋ ವಸ್ತು ಆವಿಯಾಗಿ ಇರಲಾರದೆ ಇದ್ದ ಕಣಗಳ ಮೇಲೇ ಕೂರುತ್ತೆ. ಇನ್ನು ಕೆಲವು ಆವಿ ಮಂಜಿನ ಹನಿಯಲ್ಲೇ ಕರಗಿ, ಆಮ್ಲಜನಕ ಸೇರಿ ಬದಲಾಗಿ, ಹನಿ ಆರಿದ ಮೇಲೆ ಕಣವಾಗಿ ಉಳಿಯುತ್ತೆ. ನಿಮ್ಮ 'ಬರೀ ಮಂಜು' ಇದೇ.

ಗಣೇಶ: ಹಾಗಾದ್ರೆ ಹೊಗೆ ಹಳೇದಾದಷ್ಟೂ ಕಣ ಹೆಚ್ಚುತ್ತಾನೇ ಇರುತ್ತಾ?

ಉತ್ತಯ್ಯ: ಇಲ್ಲ. ಹೊಗೆ ಹರಡಿ ತೆಳುವಾದಾಗ ಕಣದ ಹಗುರ ಅಂಶ ಮತ್ತೆ ಆವಿಯಾಗುತ್ತೆ, ತೂಕ ಇಳಿಯಲೂಬಹುದು. ಆದರೆ ಆಮ್ಲಜನಕದ ಪಾಲು ಏರುತ್ತೆ, ನೀರು ಹೀರೋ ಗುಣ ಬರುತ್ತೆ. ಬಿಸಿಲಿಗೆ ಕಂದು ಬಣ್ಣ ಮಾಸಿದ ಮಾತ್ರಕ್ಕೆ ಕಣ ಹೋಯ್ತು ಅಂತಲ್ಲ.

ಪೂವಮ್ಮ: ದೂರು ಕೊಡೋಕೆ ಗಾಳಿಯ ಕಣ ಅಳೆಯೋ ಮೀಟರ್ ತರಿಸೋಣವಾ?

ಶಾಂತಿ: ದೂರಿಗೆ ಮೀಟರ್ ಬೇಕಿಲ್ಲ ಅಕ್ಕ, ಫೋಟೋ ಸಾಕು. 2016ರ ಘನತ್ಯಾಜ್ಯ ನಿಯಮದಲ್ಲೇ ಬಯಲಲ್ಲಿ ಸುಡೋ ಹಾಗಿರಲಿಲ್ಲ. ಅದೇ ವರ್ಷ ಡಿಸೆಂಬರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 5,000 ರೂಪಾಯಿ ದಂಡ ಅಂದಿದೆ. ಮೀಟರ್ ತರಿಸೋದಾದ್ರೆ ಎರಡು ತರಿಸಿ: ಒಂದು ತಗ್ಗಿಗೆ, ಒಂದು ಮೇಲಿನ ರಸ್ತೆಗೆ. ಬಚ್ಚಲೊಲೆ ಹತ್ತಿರ ಬೇಡ. ತೇವಾಂಶವನ್ನೂ ಬರೆದಿಡಿ. ಅದು 80-85% ದಾಟಿದ್ರೆ ಕಣ ನೀರು ಹೀರಿ ಉಬ್ಬುತ್ತೆ, ಮೀಟರಿನ ಲೇಸರ್ ಬೆಳಕು ಹೆಚ್ಚು ಚದುರುತ್ತೆ, ಅಂಕಿ ಸುಮ್ಮನೆ ಏರುತ್ತೆ. ಇನ್ನೊಂದು, ಪಿಎಂ 2.5ಕ್ಕೆ (2.5 ಮೈಕ್ರೋಮೀಟರ್ ಒಳಗಿನ ಸಣ್ಣ ಕಣ) ನಮ್ಮ ದೇಶದ ಮಿತಿ ಘನಮೀಟರಿಗೆ 60 ಮೈಕ್ರೋಗ್ರಾಂ, ಅದೂ 24 ಗಂಟೆ ಸರಾಸರಿ. ಬೆಳಗಿನ ಒಂದು ಸ್ಕ್ರೀನ್‌ಶಾಟ್ ಹಿಡ್ಕೊಂಡು ಜಗಳಕ್ಕೆ ಹೋಗ್ಬೇಡಿ.

ಸೋಮಣ್ಣ: ಸುಡಬೇಡಿ ಅಂದ್ರೆ ಸಾಲದು, ತರಗಿಗೆ ಜಾಗ ಬೇಕಲ್ಲ. ತಂತಿ ಜಾಲರಿ ಸುತ್ತಿ 4 ಅಡಿ ಅಗಲದ ಗೊಬ್ಬರದ ಗೂಡು ಮಾಡಿ. ಸಿಲ್ವರ್ ಓಕ್ ಎಲೆ ಗಡುಸು. ಇಡಿಯಾಗಿ ತುಂಬಿದ್ರೆ ಒಂದಕ್ಕೊಂದು ಅಂಟಿ ನೀರೇ ಇಳಿಯಲ್ಲ. ಹುಲ್ಲು ಕತ್ತರಿಸೋ ಮಷಿನ್ ಹಾಯಿಸಿ. ಒಂದಡಿ ತರಗು, ಮೇಲೆ ಹಸಿ ಸೊಪ್ಪು, ಒಂದು ಬಕೆಟ್ ಸಗಣಿ ನೀರು, ಹೀಗೆ ಮೂರೂವರೆ ಅಡಿವರೆಗೆ. ಹಿಡಿಯಲ್ಲಿ ಹಿಂಡಿದ್ರೆ ಒಂದೆರಡು ಹನಿ ಬೀಳಬೇಕು. ಒಳಗೆ ಬಿಸಿಯೇರದಿದ್ದರೆ ಸಗಣಿ ಕಮ್ಮಿ, ಇಲ್ಲಾ ಒಣಗಿದೆ. ನಾತ ಬಂದ್ರೆ ನೀರು ಜಾಸ್ತಿ, ಒಣ ತರಗು ಬೆರೆಸಿ ಮಗುಚಿ. ಜೂನ್ ಮಳೆಗೆ ಮುಂಚೆ ಟಾರ್ಪಾಲ್ ಕಟ್ಟಲೇಬೇಕು, ಇಲ್ಲಾಂದ್ರೆ ಸಾರವೆಲ್ಲ ಚರಂಡಿಗೆ.

ಗಣೇಶ: ಜಾಲರಿ ನಾನು ತರ್ತೀನಿ. ಸಗಣಿ ಯಾರ ಮನೇದು?

ಪೂವಮ್ಮ: ನಮ್ಮದು. ಭಾನುವಾರ 9 ಗಂಟೆಗೆ ಖಾಲಿ ಸೈಟ್ ಹತ್ತಿರ. ಮಷಿನ್ ಇರೋರು ಹೇಳಿ.