ಮೆಕಾಲೆಯಿಂದ ಬಾವಿ ಹೊಲದ ತನಕ

ಭಾನುವಾರ ಬೆಳಗ್ಗೆ ಆರಕ್ಕೇ ಮನೆತನದ ಗುಂಪಿಗೆ ಚಿಕ್ಕಪ್ಪನ ಫಾರ್ವರ್ಡ್ ಬಂತು. ಪೂರ್ತಿ ಓದಿದವರು ಯಾರೂ ಇದ್ದಂತಿಲ್ಲ. ಕೈ ಮುಗಿದವರು ಒಂಬತ್ತು ಮಂದಿ. ಅತ್ತೆ ಎರಡು ಸಲ ಮುಗಿದಿದ್ದರು.

ಚಿಕ್ಕಪ್ಪ: ಬ್ರಿಟಿಷರಿಗೂ ಮುಂಚೆ ನಮ್ಮ ಬಳ್ಳಾರಿ ಸೀಮೆಯ ಹಳ್ಳಿ ಹಳ್ಳಿಗೂ ಶಾಲೆ ಇತ್ತು. ಓದು ಬಾರದವರೇ ಇರಲಿಲ್ಲ. 1835ರ ಫೆಬ್ರವರಿ 2ರಂದು ಲಂಡನ್ ಪಾರ್ಲಿಮೆಂಟಿನಲ್ಲಿ ಮೆಕಾಲೆ ಭಾಷಣ ಮಾಡಿ ಎಲ್ಲ ಮುಚ್ಚಿಸಿದ. ಹತ್ತು ಜನರಿಗೆ ಕಳಿಸಿ.

ನಾನು: ಚಿಕ್ಕಪ್ಪ, ಇದು ಎಲ್ಲಿದೆ? ಆ ದಿನ ಮೆಕಾಲೆ ಇದ್ದದ್ದು ಕಲ್ಕತ್ತಾದಲ್ಲಿ. ಕಂಪನಿ ಸರ್ಕಾರದ ಅಧಿಕಾರಿಯಾಗಿ ಇಂಗ್ಲಿಷ್ ಶಿಕ್ಷಣದ ಪರ ಬರೆದದ್ದು ಒಂದು ಟಿಪ್ಪಣಿ, ಭಾಷಣ ಅಲ್ಲ.

ಚಿಕ್ಕಪ್ಪ: ಕಳಿಸಿದವರು ರಿಟೈರ್ಡ್ ಹೆಡ್‌ಮಾಸ್ಟರು. ನಿನಗಿಂತ ಜಾಸ್ತಿ ಓದಿದ್ದಾರೆ.

ದೊಡ್ಡಪ್ಪ: ದೊಡ್ಡವರಿಗೆ ಎದುರು ಮಾತಾಡೋದು, ಇದನ್ನೇ ಈಗಿನ ಶಾಲೆ ಕಲಿಸಿದ್ದು. ನಮ್ಮ ಕಾಲದಲ್ಲಿ ಮೇಷ್ಟ್ರು ಬಂದರೆ ಕಟ್ಟೆ ಮೇಲಿದ್ದವರೂ ಎದ್ದು ನಿಲ್ಲುತ್ತಿದ್ದರು.

ಹೊಸಪೇಟೆ ಅಣ್ಣ: ಮೇಷ್ಟ್ರು ಅಂದ್ರೆ ನೆನಪಾಯ್ತು. ಬಳಪ ತಿಂದು ಸಿಕ್ಕಿಬಿದ್ದು ಹುಣಸೆ ಬರಲಿನ ಏಟು ತಿಂದಿದ್ದೆ. ಆ ಬಳಪದ ರುಚಿ ಈಗ ಯಾವುದಕ್ಕೂ ಇಲ್ಲ.

ನಾನು: ಶಾಲೆ ಇತ್ತು, ನಿಜ. 1823ರಲ್ಲಿ ಬಳ್ಳಾರಿ ಕಲೆಕ್ಟರ್ ಕ್ಯಾಂಬೆಲ್ ಲೆಕ್ಕ ಕೊಟ್ಟಿದ್ದಾನೆ. ಜಿಲ್ಲೆಗೆ 533 ಶಾಲೆ. ಕನ್ನಡದವು 235, ತೆಲುಗಿನವು 226. ಆದರೆ ಜನ 9,27,857, ಓದುವ ಮಕ್ಕಳು 6,641. ಸಾವಿರಕ್ಕೆ ಏಳೂ ಇಲ್ಲ. ಮೊದಲು ಶಾಲೆ ಇದ್ದ ಎಷ್ಟೋ ಹಳ್ಳಿಯಲ್ಲಿ ಆಗಲೇ ಇಲ್ಲವಾಗಿತ್ತು. ಜನ ಬಡವಾದರು, ಐಗಳಿಗೆ ಕೊಡಲು ದುಡ್ಡಿಲ್ಲ ಅಂತ ಅವನೇ ಬರೆದಿದ್ದಾನೆ. ಮೆಕಾಲೆಗೆ ಹನ್ನೆರಡು ವರ್ಷ ಮುಂಚೆ.

(ಇಷ್ಟುದ್ದ ಬರೆದದ್ದು ನನ್ನದೇ ತಪ್ಪು.)

ಚಿಕ್ಕಪ್ಪ: ನೋಡಿ, 533 ಶಾಲೆ! ಅವಳೇ ಒಪ್ಪಿಕೊಂಡಳು.

ಹೊಸಪೇಟೆ ಅಣ್ಣ: ಆಗಲೂ ಹೊಡೀತಿದ್ರಾ?

ನಾನು: ಬೆಳಗ್ಗೆ ಆರಕ್ಕೇ ಶಾಲೆ. ಮೊದಲು ಬಂದವನ ಅಂಗೈಗೆ ಸರಸ್ವತಿ ಹೆಸರು. ಎರಡನೆಯವನಿಗೆ ಸೊನ್ನೆ. ಮೂರನೆಯವನಿಗೆ ಒಂದು ಏಟು, ನಾಲ್ಕನೆಯವನಿಗೆ ಎರಡು. ಹಾಗೇ ಏರುತ್ತಾ ಹೋಗುತ್ತಿತ್ತು.

ದೊಡ್ಡಪ್ಪ: ಅದಕ್ಕೇ ಶಿಸ್ತಿತ್ತು. ಈ ಗುಂಪಿನಲ್ಲೇ ಕೆಲವರು ಮದುವೆಗೆ ಕರೆದರೆ ಊಟದ ಹೊತ್ತಿಗೆ ಬರುತ್ತಾರೆ.

ಚಿಕ್ಕಪ್ಪ: ಅಣ್ಣ, ಅದು ನನಗೇ ಹೇಳಿದ್ದಾದರೆ ಹೆಸರು ಹಿಡಿದೇ ಹೇಳು. ಅವತ್ತು ಬಸ್ ಕೆಟ್ಟಿತ್ತು.

ಬಸ್ ಕೆಟ್ಟ ಕಥೆ ಹದಿನಾಲ್ಕು ಮೆಸೇಜ್ ನಡೆಯಿತು. ನಾನು ಸುಮ್ನೆ ಇರಬಹುದಿತ್ತು. ಇರಲಿಲ್ಲ.

ನಾನು: ಆ 6,641ರಲ್ಲಿ ಹೆಣ್ಣುಮಕ್ಕಳು 60. ಇಡೀ ಜಿಲ್ಲೆಗೆ. ನಮ್ಮಜ್ಜಿಯೂ ಕೊನೇ ತನಕ ಹೆಬ್ಬೆಟ್ಟೇ ಒತ್ತಿದ್ದು, ಅಲ್ವಾ?

ಚಿಕ್ಕಪ್ಪ: ಅದಕ್ಕೂ ಮೆಕಾಲೆನೇ ಕಾರಣ.

ಹೊಸಪೇಟೆ ಅಣ್ಣ: ಹೆಬ್ಬೆಟ್ಟು ಅಂದ್ರೆ ನೆನಪಾಯ್ತು. ಬಾವಿ ಹೊಲದ ಪತ್ರಕ್ಕೆ ಅಜ್ಜಿ ಒತ್ತುವಾಗ ಇಂಕ್ ಪ್ಯಾಡ್ ಹಿಡಿದಿದ್ದು ನಾನೇ. ದೊಡ್ಡಪ್ಪ ನಂಗೆ ಪೆಪ್ಪರ್‌ಮೆಂಟ್ ಕೊಡಿಸಿದ್ರು.

ದೊಡ್ಡಪ್ಪ: ಅದೆಲ್ಲ ಇಲ್ಲಿ ಬೇಡ. ಮೆಕಾಲೆ ವಿಷಯಕ್ಕೆ ಬನ್ನಿ.

ಬೆಳಗ್ಗಿನಿಂದ ಕೈ ಮುಗಿಯುವುದು ಬಿಟ್ಟು ಒಂದಕ್ಷರವನ್ನೂ ಬರೆಯದಿದ್ದ ಅತ್ತೆ ಆಗ ಬರೆದರು.

ಅತ್ತೆ: ಅವ್ವ ಯಾವ ಪತ್ರಕ್ಕೆ ಒತ್ತಿದಳು?