ಅಪ್‌ಡೇಟ್: ಹಳೆ ಉಬುಂಟುವಿನಲ್ಲೇ ಮಳೆ ಲೆಕ್ಕದ ಪ್ರೋಗ್ರಾಂ ಮತ್ತೆ ಓಡಿತು

ಸಲಹೆ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಹೊಸದಾಗಿ ಓದುವವರಿಗೆ: ಮೂಡಿಗೆರೆ ಹತ್ತಿರದ ನಮ್ಮ ತೋಟದ ಆಫೀಸಿನ ಕಂಪ್ಯೂಟರಿನಲ್ಲಿರುವುದು ಉಬುಂಟು 20.04 (ವಿಂಡೋಸ್ ಥರದ್ದೇ ಒಂದು ಆಪರೇಟಿಂಗ್ ಸಿಸ್ಟಮ್), ಅದರ ಜೊತೆಗೇ ಬಂದ ಪೈಥಾನ್ (ನಮ್ಮ ಪ್ರೋಗ್ರಾಂ ಬರೆದಿರುವ ಭಾಷೆ) 3.8. ಮಳೆ ಲೆಕ್ಕದ ಪ್ರೋಗ್ರಾಂನ ಹೊಸ ಆವೃತ್ತಿ ಪಾಂಡಾಸ್ (ಅಂಕಿಅಂಶಗಳ ಲೆಕ್ಕಕ್ಕೆ ಬಳಸುವ ಪೈಥಾನ್ ಲೈಬ್ರರಿ) 2.1 ಕೇಳುತ್ತದೆ. ಅದಕ್ಕೆ ಪೈಥಾನ್ 3.9 ಆದರೂ ಬೇಕು. ಹಾಗಾಗಿ ಎರರ್ ಬಂದು ಪ್ರೋಗ್ರಾಂ ಓಡುತ್ತಿರಲಿಲ್ಲ, ಏನು ಮಾಡೋದು ಅಂತ ಇಲ್ಲಿ ಕೇಳಿದ್ದೆ.

ಸಿಸ್ಟಮ್‌ನ ಪೈಥಾನ್ ಲಿಂಕನ್ನೇ (ಯಾವ ಪೈಥಾನ್ ಓಡಬೇಕು ಅಂತ ತೋರಿಸುವುದು) ಹೊಸ ಆವೃತ್ತಿಗೆ ತಿರುಗಿಸಿ ಅಂತ ಒಬ್ಬರು ಹೇಳಿದ್ದರು. ದಯವಿಟ್ಟು ಅದು ಬೇಡ. ಹಾಗೆ ಮಾಡಿದ ಮೇಲೆ ಕಮಾಂಡ್ ಟೈಪ್ ಮಾಡುವ ಕಿಟಕಿ, ಅಂದರೆ ಟರ್ಮಿನಲ್ಲೇ ತೆರೆಯಲಿಲ್ಲ! ಉಬುಂಟುವಿನ ಎಷ್ಟೋ ಕೆಲಸ ಆ 3.8 ಮೇಲೆಯೇ ನಿಂತಿದೆ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ, ಬರೀ ಅಕ್ಷರಗಳ ಪರದೆಯಲ್ಲಿ ಲಾಗಿನ್ ಆಗಿ ಹಳೆ ಲಿಂಕ್ ವಾಪಸ್ ಹಾಕಬೇಕಾಯಿತು.

ಕೆಲಸ ಮಾಡಿದ್ದು ಹಾಸನದ ಗೆಳೆಯರು ಹೇಳಿದ ದಾರಿ. ಯುವಿ (uv) ಅನ್ನುವ ಟೂಲ್ ಪೈಥಾನ್ 3.11 ಅನ್ನು ಬೇರೆಯಾಗಿಯೇ ಇಳಿಸಿಕೊಂಡು, ಪ್ರೋಗ್ರಾಂನ ಫೋಲ್ಡರಿನಲ್ಲೇ ವರ್ಚುವಲ್ ಎನ್ವಿರಾನ್‌ಮೆಂಟ್ (ಆ ಪ್ರೋಗ್ರಾಂಗೆ ಮಾತ್ರ ಸೇರಿದ ಪೈಥಾನ್ ಜಾಗ) ಮಾಡಿಕೊಟ್ಟಿತು. ಸಿಸ್ಟಮ್ ಪೈಥಾನ್ ತಂಟೆಗೇ ಹೋಗಲಿಲ್ಲ.

ಒಂದು ವಿಷಯ ನನಗೆ ಗೊತ್ತೇ ಇರಲಿಲ್ಲ. ಆವೃತ್ತಿ ಹೇಳದೆ ಸುಮ್ನೆ ಪಾಂಡಾಸ್ ಕೇಳಿದರೆ, ಪಿಪ್ (ಪೈಥಾನ್ ಲೈಬ್ರರಿಗಳನ್ನು ಇನ್‌ಸ್ಟಾಲ್ ಮಾಡುವ ಟೂಲ್) ತಾನೇ 3.8ಕ್ಕೆ ಹೊಂದುವ ಕೊನೆಯ ಆವೃತ್ತಿ 2.0.3 ಹಾಕುತ್ತದೆ. ಪ್ರೋಗ್ರಾಂಗೆ ಬೇಕಾದ ಲೈಬ್ರರಿಗಳ ಪಟ್ಟಿಯಲ್ಲಿ 2.1 ಅಂತ ಬರೆದಿದ್ದಕ್ಕೇ ಎರರ್ ಬಂದಿದ್ದು. ಪ್ರೋಗ್ರಾಂ ಬರೆಯುವವರು ಹಳೆ ಪೈಥಾನಿಗೆ ಯಾವ ಆವೃತ್ತಿ ಕೊನೆ ಅಂತ ಒಂದು ಸಾಲು ಹಾಕಿದರೆ ನಮ್ಮಂಥವರಿಗೆ ಎಷ್ಟು ಅನುಕೂಲ ಅಲ್ವಾ? ಅವರಿಗೂ ಹಾಗೆಂದು ಬರೆದಿದ್ದೇನೆ.